ಅಚ್ಚಿಗೆ ಅಚ್ಚು ಕೂಡಿತು

“ಗುರುಗಳೇ, ಎಲ್ಲವನ್ನೂ ಒಪ್ಪ ಓರಣವಾಗಿ ಜೋಡಿಸಿಟ್ಟಿದ್ದೇನೆ. ಆದರೂ ಯಾರೂ ಬಂದು ನೋಡುವುದಿಲ್ಲ. ಅವರು ಬರುವಂತೆ ಮಾಡುವುದು ಹೇಗೆ?”

ಕೇಳಿದವನು ಮಹಾಬಲ. ಅವನು ದೊಡ್ಡದೊಂದು ಅಡುಗೆಎಣ್ಣೆ ಕಂಪನಿಯಲ್ಲಿ ಕೆಲಸಕ್ಕಿದ್ದ. ಕಂಪನಿಗೆ ಗಿರಣಿಗಳಿದ್ದವು, ಗೋದಾಮುಗಳಿದ್ದವು, ಲಾರಿಗಳಿದ್ದವು, ಊರೂರಲ್ಲಿ ಅಂಗಡಿಗಳಿದ್ದವು. ಯಾವ ವಿಭಾಗ ಯಾವ ವಿಭಾಗವನ್ನು ಆತುಕೊಂಡು ನಿಂತಿದೆ, ಎಲ್ಲಿಯ ಮಾಹಿತಿ ಯಾವ ಕಂಪ್ಯೂಟರಿಗೆ ಹೋಗುತ್ತದೆ, ಒಂದನ್ನು ಬದಲಿಸಿದರೆ ಇನ್ನಾವುದು ಅಲುಗಾಡುತ್ತದೆ ಎಂದು ತೋರಿಸುವ ನೂರಾರು ನಕ್ಷೆಗಳಿದ್ದವು. ಅವನ್ನೆಲ್ಲ ಕಲೆಹಾಕಿ, ವಿಂಗಡಿಸಿ, ಒಂದೇ ಕಡೆ ಕಾಪಾಡುವುದು ಮಹಾಬಲನ ಕೆಲಸ. ರಜೆ ಸಿಕ್ಕಾಗಲೆಲ್ಲ ಗುರುಗಳ ಹತ್ತಿರ ಬಂದು ಕೂರುತ್ತಿದ್ದ.

“ಎಷ್ಟು ಓರಣವಾಗಿದೆ?” ಎಂದು ಗುರುಗಳು ಕೇಳಿದರು.

“ಇಟ್ಟ ನಕ್ಷೆ ಇಟ್ಟಲ್ಲೇ ಇದೆ. ವರ್ಷವಿಡೀ ಒಂದು ಗೆರೆ ಕೂಡ ಆಚೀಚೆ ಆಗಿಲ್ಲ.” ಹೇಳುವಾಗ ಅವನ ದನಿಯಲ್ಲಿ ಬೇಸರದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು.

ಕತೆ ಹೇಳುವ ಮೊದಲು ಶಿಷ್ಯರನ್ನು ಒಂದಿಷ್ಟು ಕಿಚಾಯಿಸುವುದು ಗುರುಗಳ ರೂಢಿ. ಅವತ್ತು ಅದನ್ನು ಮಾಡಲಿಲ್ಲ. ಕಾಲು ಮಡಿಸಿ ಕುಳಿತು ನೇರವಾಗಿ ಶುರು ಮಾಡಿದರು.

ನದಿ ಸಮುದ್ರ ಸೇರುವ ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಹಡಗು ಕಟ್ಟಿಸುವುದು, ಅದರಲ್ಲಿ ಸರಕು ಸಾಗಿಸುವುದು ಅವನ ವ್ಯಾಪಾರ. ಒಂದು ಹಡಗನ್ನು ಅವನು ಒಂದೇ ಕಡೆ ಕಟ್ಟಿಸುತ್ತಿರಲಿಲ್ಲ. ನದಿಯ ಈ ದಡದಲ್ಲಿ ಒಡಲು ಏಳುತ್ತಿತ್ತು. ಆ ದಡದಲ್ಲಿ ಚುಕ್ಕಾಣಿ. ಇನ್ನಷ್ಟು ಮೇಲಕ್ಕೆ ಹಾಯಿ ಕಟ್ಟುವ ಕೂವೆಮರ, ಅದರಾಚೆ ಆ ಹಾಯಿ ಹೊಲಿಯುವವರ ಚಪ್ಪರ. ಪ್ರತಿಯೊಂದಕ್ಕೂ ಒಬ್ಬ ಮೇಸ್ತ್ರಿ. ಪ್ರತಿ ಮೇಸ್ತ್ರಿಗೂ ಮೂಗಿನ ತುದಿಯಲ್ಲಿ ಕೋಪ.

ಮೇಸ್ತ್ರಿಗಳ ಹತ್ತಿರ ಅಚ್ಚುಗಳಿದ್ದವು. ಅಚ್ಚು ಎಂದರೆ ಒಂದು ತೆಳ್ಳನೆಯ ಹಲಗೆ. ಒಡಲಿನ ಪಕ್ಕೆ ಎಷ್ಟು ಬಾಗಬೇಕು, ಚುಕ್ಕಾಣಿ ಎಷ್ಟು ಅಗಲವಿರಬೇಕು ಎಂಬುದನ್ನು ಆ ಹಲಗೆಯ ಅಂಚು ಹೇಳುತ್ತದೆ. ಮರದ ಮೇಲೆ ಅಚ್ಚನ್ನಿಟ್ಟು ಗೆರೆ ಎಳೆದು, ಗೆರೆ ಹಿಡಿದು ಬಾಚಿಯಲ್ಲಿ ಕೆತ್ತಿದರೆ ಆಯಿತು. ಇಡೀ ವ್ಯಾಪಾರ ನಿಂತದ್ದು ಈ ಹಲಗೆಗಳ ಮೇಲೆ.

ಮಳೆಗಾಲದಲ್ಲಿ ಹಡಗುಗಳು ಸಮುದ್ರಕ್ಕೆ ಹೋಗುತ್ತಿರಲಿಲ್ಲ. ಅವನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ಆಗ ಅಲ್ಲೊಂದು ಪದ್ಧತಿಯಿತ್ತು. ಮೇಸ್ತ್ರಿಗಳೆಲ್ಲ ತಂತಮ್ಮ ಅಚ್ಚು ಹೊತ್ತುಕೊಂಡು ದಡಕ್ಕೆ ಬರುತ್ತಿದ್ದರು. ಹಡಗು ನಡೆಸಿದ ತಾಂಡೇಲ ಅದರ ಪಕ್ಕ ನಿಂತು ತಕರಾರು ಹೇಳುತ್ತಿದ್ದ. ಇಲ್ಲಿ ನೀರು ಒಸರಿತು, ಅಡ್ಡಗಾಳಿಗೆ ಹೀಗೆ ವಾಲಿತು, ತಿರುಗಿಸಿದರೆ ತಿರುಗಲು ತಡ ಮಾಡಿತು. ಕೂಡಲೇ ಮೇಸ್ತ್ರಿಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಬಾಯಿಗೆ ಬಂದಂತೆ ಬೈದಾಡುತ್ತಿದ್ದರು. ಬೈದು ಸುಸ್ತಾದ ಮೇಲೆ ಒಬ್ಬ ತನ್ನ ಅಚ್ಚಿನ ಅಂಚನ್ನು ಚೂರು ಕೆತ್ತುತ್ತಿದ್ದ. ಇನ್ನೊಬ್ಬ ತನ್ನದಕ್ಕೆ ಒಂದು ಪಟ್ಟಿ ಹೊಡೆದು ಅಗಲ ಮಾಡುತ್ತಿದ್ದ. ಹೀಗಾಗಿ ಅಚ್ಚುಗಳು ನೋಡಲು ಚೆನ್ನಾಗಿರಲಿಲ್ಲ. ಮೈತುಂಬ ತೇಪೆ, ಮೊಳೆ, ಎಣ್ಣೆಯ ಜಿಡ್ಡು.

ವರ್ತಕನಿಗೆ ಇದು ಸಾಕಾಗಿತ್ತು. ಅವನ ಕಷ್ಟವೂ ಸುಳ್ಳಲ್ಲ. ಒಬ್ಬ ಮೇಸ್ತ್ರಿ ಸತ್ತರೆ ಅವನ ಅಚ್ಚುಗಳಲ್ಲಿ ಯಾವುದು ಯಾವ ಹಡಗಿನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕೆಲವಕ್ಕೆ ಗೆದ್ದಲು ಹಿಡಿಯಿತು. ಕೆಲವನ್ನು ಯಾರೋ ಒಲೆಗೆ ಹಾಕಿದರು. ಈ ದಡದವರು ಒಂದು ಅಳತೆ ಹಿಡಿದರೆ ಆ ದಡದವರು ಇನ್ನೊಂದು ಹಿಡಿದು, ಒಳ್ಳೊಳ್ಳೆಯ ತೇಗ ದಂಡವಾಯಿತು. ಕೊನೆಗೆ ವರ್ತಕ ಒಂದು ಭಂಡಾರ ಕಟ್ಟಿಸಿದ. ಅಚ್ಚುಗಳೆಲ್ಲ ಅಲ್ಲಿಗೆ ಬರಬೇಕು, ಅಲ್ಲಿಂದಲೇ ಹೋಗಬೇಕು ಎಂದ. ನೋಡಿಕೊಳ್ಳಲು ಒಬ್ಬ ಭಂಡಾರಿಯನ್ನು ನೇಮಿಸಿದ.

ಈ ಭಂಡಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾನು ಈ ಕತೆಯನ್ನು ಬೇಗ ಮುಗಿಸಿಬಿಡುತ್ತಿದ್ದೆ. ಅವನು ಶ್ರದ್ಧೆಯ ಮನುಷ್ಯ. ಅವನಿಗೆ ಹಿಂದೆ ಮುಂದೆ ಇದ್ದವನು ಒಬ್ಬ ತಮ್ಮ, ಬೊಮ್ಮು. ತಾಯಿ ತಂದೆ ಹೋದ ಮೇಲೆ ಭಂಡಾರಿಯೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದ. ಬೊಮ್ಮು ಬೆಳೆದು ವರ್ತಕನ ಹಡಗಿನಲ್ಲೇ ತಾಂಡೇಲನಾದ. ತಮ್ಮ ಸಮುದ್ರದ ಮೇಲಿದ್ದಾಗ ಅಣ್ಣನಿಗೆ ಅನ್ನ ರುಚಿಸುತ್ತಿರಲಿಲ್ಲ. ಹಡಗುಗಳು ಸರಿಯಾಗಿರಬೇಕೆಂಬ ಹಂಬಲ ಅವನಿಗೆ ಹುಟ್ಟಿದ್ದೇ ಅಲ್ಲಿಂದ.

ಅವನು ಎಲ್ಲ ಅಚ್ಚುಗಳನ್ನೂ ತರಿಸಿದ. ತೇಪೆ ಹಾಕಿದ ಹಳೆಯ ಹಲಗೆಗಳ ಅಂಚು ಹಿಡಿದು ಹೊಸ ಹಲಗೆಗಳ ಮೇಲೆ ಗೆರೆ ಎಳೆಸಿ ನುಣ್ಣಗೆ ಕೊಯ್ಯಿಸಿದ. ಒಡಲಿನ ಅಚ್ಚಿಗೆ ಚುಕ್ಕಾಣಿಯ ಅಚ್ಚು, ಚುಕ್ಕಾಣಿಯದಕ್ಕೆ ಅದನ್ನು ತೂಗುಹಾಕುವ ಹಿಂಗಂಬದ್ದು, ಹೀಗೆ ಒಂದಕ್ಕೊಂದು ಕೂಡುವ ತನಕ ತಿದ್ದಿಸಿದ. ಒಡಲಿಗೆ ಒಂದು ಸಾಲು, ಚುಕ್ಕಾಣಿಗೆ ಒಂದು ಸಾಲು ಮಾಡಿದ. ಪ್ರತಿಯೊಂದಕ್ಕೂ ಬಣ್ಣದ ಗುರುತು ಹಾಕಿದ. ಗೆದ್ದಲು ಬಾರದಂತೆ ಕಾಲಕಾಲಕ್ಕೆ ಎಣ್ಣೆ ಸವರಿದ. ಹಳೆಯವನ್ನು ಸುಡಿಸಿದ.

ಕೆಲಸ ಕೈಗೂಡಿತು. ಈ ದಡದ ಒಡಲಿಗೆ ಆ ದಡದ ಚುಕ್ಕಾಣಿ ಮೊದಲ ಸಲಕ್ಕೇ ಕೂತಿತು. ಮರ ದಂಡವಾಗುವುದು ನಿಂತಿತು. ವರ್ತಕ ಊರಿಗೆ ಬಂದ ನೆಂಟರನ್ನೆಲ್ಲ ಭಂಡಾರಕ್ಕೆ ಕರೆತಂದು ತೋರಿಸುತ್ತಿದ್ದ. ಭಂಡಾರಿ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತು ಒಳಗೊಳಗೇ ಹಿಗ್ಗುತ್ತಿದ್ದ. ಹಿಗ್ಗುವುದರಲ್ಲಿ ತಪ್ಪೇನೂ ಇರಲಿಲ್ಲ.

ಮಳೆಗಾಲ ಬಂತು. ಹಡಗುಗಳು ದಡ ಏರಿದವು. ಮೇಸ್ತ್ರಿಗಳು ಅಚ್ಚು ಕೇಳಲು ಭಂಡಾರಕ್ಕೆ ಬಂದರು. ಭಂಡಾರಿ ಕೊಡಲಿಲ್ಲ. ಮಳೆಯಲ್ಲಿ ಹೊರಗೆ ಹೋದರೆ ತೆಳ್ಳನೆಯ ಹಲಗೆ ಸೊಟ್ಟಗಾಗುತ್ತದೆ ಎಂದ. ಅದು ನಿಜ. ಒಂದು ಅಚ್ಚಿಗೆ ಬಾಚಿ ತಾಗಿಸಿದರೆ ಅದಕ್ಕೆ ಹೊಂದಿಕೊಂಡ ಉಳಿದೆಲ್ಲವನ್ನೂ ತಿದ್ದಬೇಕಾಗುತ್ತದೆ, ಏನು ಬದಲಾಗಬೇಕೆಂದು ನನಗೆ ಬಂದು ಹೇಳಿ, ಎಲ್ಲವನ್ನೂ ತಾಳೆ ನೋಡಿ ನಾನೇ ತಿದ್ದಿಸುತ್ತೇನೆ ಎಂದ. ಅದೂ ನಿಜ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ಮೇಸ್ತ್ರಿಗಳು ಬರಿಗೈಯಲ್ಲಿ ದಡಕ್ಕೆ ಹೋದರು. ತಾಂಡೇಲರು ತಕರಾರು ಹೇಳಿದರು. ಮೇಸ್ತ್ರಿಗಳು ಬೈದಾಡಿದರು. ಆದರೆ ಬೈದಾದ ಮೇಲೆ ಕೆತ್ತಲು ಕೈಯಲ್ಲಿ ಏನೂ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಅರ್ಧ ಜನ ಬಂದರು. ಅದರ ಮುಂದಿನ ಮಳೆಗಾಲಕ್ಕೆ ಯಾರೂ ಬರಲಿಲ್ಲ. ಜಗಳ ನಿಂತಿತೆಂದು ವರ್ತಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಒಡಲು ಕಟ್ಟುವ ಮೇಸ್ತ್ರಿ ಮಾತ್ರ ಒಂದೆರಡು ಸಲ ಭಂಡಾರದ ಬಾಗಿಲಿಗೆ ಬಂದ. ಭಾರ ಹೇರಿದರೆ ಹಡಗು ಹಿಂದಕ್ಕೆ ಕೂತುಬಿಡುತ್ತದೆ, ಹಿಂಭಾಗವನ್ನು ಇನ್ನಷ್ಟು ತುಂಬಿಸಿ ಅಗಲ ಮಾಡಬೇಕು ಎಂದ. ಭಂಡಾರಿ ಆಗಲಿ ಎಂದ. ಹಿಂಭಾಗ ಬದಲಾದರೆ ಚುಕ್ಕಾಣಿಯನ್ನೂ ದೊಡ್ಡದು ಮಾಡಬೇಕು, ಹಿಂಗಂಬ ಬದಲಾಗಬೇಕು, ಎಲ್ಲ ನೋಡಿ ಹೇಳುತ್ತೇನೆ ಎಂದ. ಅವನು ನೋಡಬೇಕೆಂದೇ ಇದ್ದ. ಆದರೆ ಆಗ ಗುರುತಿನ ಬಣ್ಣಗಳು ಮಾಸಿದ್ದವು, ಅವನ್ನು ಮೊದಲು ಮುಗಿಸೋಣವೆಂದುಕೊಂಡ. ಆಮೇಲೆ ಕೂವೆಮರದ ಸಾಲನ್ನು ಮತ್ತೆ ಜೋಡಿಸಬೇಕಾಯಿತು. ಮೇಸ್ತ್ರಿ ಇನ್ನೊಮ್ಮೆ ಬಂದು, ಬಾಗಿಲಲ್ಲಿ ನಿಂತು, ಹಿಂತಿರುಗಿದ. ಮತ್ತೆ ಬರಲಿಲ್ಲ.

ಅಲ್ಲಿಂದ ಮುಂದೆ ಅವನು ಭಂಡಾರದಿಂದ ಅಚ್ಚು ತರಿಸಿಕೊಳ್ಳುತ್ತಿದ್ದ, ಅದಕ್ಕೆ ಸುತ್ತಿದ ಬಟ್ಟೆ ಕೂಡ ಬಿಚ್ಚದೆ ಮೂಲೆಗೆ ಒರಗಿಸುತ್ತಿದ್ದ, ಕಣ್ಣಂದಾಜಿನಲ್ಲಿ ತನಗೆ ಬೇಕಾದಂತೆ ಮರ ಕೆತ್ತುತ್ತಿದ್ದ. ಕೆಲಸ ಮುಗಿದ ಮೇಲೆ ಅಚ್ಚನ್ನು ಹಾಗೆಯೇ ವಾಪಸು ಕಳಿಸುತ್ತಿದ್ದ. ಕೂವೆಮರದವರೂ, ಒಡಲನ್ನು ಕಣ್ಣಲ್ಲೇ ಅಳೆದು ಚುಕ್ಕಾಣಿಯವನೂ ಹಾಗೇ ಮಾಡಿದರು. ಯಾರೂ ಯಾರಿಗೂ ಹೇಳಲಿಲ್ಲ.

ಭಂಡಾರಿ ವಾಪಸು ಬಂದ ಅಚ್ಚುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ಗೀರು ಇರುತ್ತಿರಲಿಲ್ಲ. ಒಂದು ಎಣ್ಣೆಯ ಕಲೆ ಇರುತ್ತಿರಲಿಲ್ಲ. ತನ್ನ ನಿಯಮವನ್ನು ಇವರು ಎಷ್ಟು ಚೆನ್ನಾಗಿ ಪಾಲಿಸುತ್ತಿದ್ದಾರೆ ಎಂದು ಅವನಿಗೆ ಸಂತೋಷವಾಗುತ್ತಿತ್ತು. ಕೆಲಸಕ್ಕೆ ಬಳಸಿದ ಹಲಗೆಗೆ ಕಲೆ ಯಾಕಿಲ್ಲ ಎಂದು ಅವನು ಒಮ್ಮೆಯಾದರೂ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೀಗಿರುವಾಗ ಚುಕ್ಕಾಣಿ ಮಾಡುವ ಮೇಸ್ತ್ರಿ ಮುಪ್ಪಾಗಿ ಕೆಲಸ ಬಿಟ್ಟ. ಅವನ ಜಾಗಕ್ಕೆ ಬೇರೆ ಊರಿನಿಂದ ಹೊಸಬನೊಬ್ಬ ಬಂದ. ಅವನಿಗೆ ಇಲ್ಲಿಯ ಜಗಳ ಗೊತ್ತಿಲ್ಲ, ಗುಟ್ಟು ಗೊತ್ತಿಲ್ಲ. ಭಂಡಾರದಿಂದ ಅಚ್ಚು ತಂದ. ಅಚ್ಚು ಹೇಳಿದಂತೆ ಕೂದಲೆಳೆ ತಪ್ಪದೆ ಚುಕ್ಕಾಣಿ ಕೆತ್ತಿದ. ಭಂಡಾರವನ್ನು ಪೂರ್ತಿಯಾಗಿ ನಂಬಿದವನು ಅಲ್ಲಿ ಅವನೊಬ್ಬನೇ.

ಆ ವರ್ಷ ವರ್ತಕ ದೊಡ್ಡ ಹಡಗೊಂದನ್ನು ಕಟ್ಟಿಸಿದ. ಒಡಲಿನ ಮೇಸ್ತ್ರಿ ಅದರ ಹಿಂಭಾಗವನ್ನು ತನಗೆ ಸರಿ ಕಂಡಷ್ಟು ಅಗಲ ಮಾಡಿದ. ಹೊಸ ಮೇಸ್ತ್ರಿಯ ಚುಕ್ಕಾಣಿ ಬಂತು. ಅದು ಹಳೆಯ ಕಿರಿದಾದ ಹಿಂಭಾಗದ ಅಳತೆಯದು. ಕೀಲಿಗೆ ಕೂತಿತು, ನೋಡುವವರಿಗೆ ಸರಿಯಾಗಿಯೇ ಕಂಡಿತು. ಆದರೆ ಒಡಲು ಅಗಲವಾದರೆ ಹಿಂದೆ ನೀರು ಸರಿಯಾಗಿ ಹರಿದು ಬರುವುದಿಲ್ಲ. ಅಷ್ಟು ಚಿಕ್ಕ ಚುಕ್ಕಾಣಿಗೆ ಅಂಥ ಹಡಗನ್ನು ತಿರುಗಿಸುವ ಶಕ್ತಿ ಸಾಲದು.

ಆ ಹಡಗಿಗೆ ತಾಂಡೇಲನಾಗಿ ಹೋಗಬೇಕಾದವನು ಬೊಮ್ಮು. ಅವನು ಖಾಲಿ ಹಡಗನ್ನು ನದಿಯಲ್ಲಿ ಓಡಿಸಿ ನೋಡಿದ. ಸಂಜೆ ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದ.

“ಅಣ್ಣ, ಚುಕ್ಕಾಣಿ ಯಾಕೋ ಸರಿ ಮಾತು ಕೇಳೂದಿಲ್ಲ. ತಿರುಗಿಸಿದ್ರೆ ಹಡಗು ತಿರುಗೂಕೆ ಭಾಳ ಹೊತ್ತು ತಕಂತದೆ. ನೀ ಒಂಚೂರು ನೋಡ್ತ್ಯಾ?”

ಭಂಡಾರಿ ಅರ್ಧ ಊಟಕ್ಕೇ ಕೈ ತೊಳೆದ. ಬೆಳಗಾಗುವುದನ್ನೇ ಕಾದು ಭಂಡಾರಕ್ಕೆ ಓಡಿದ. ಹಿಂಭಾಗದ ಅಚ್ಚನ್ನು ಇಳಿಸಿದ. ಚುಕ್ಕಾಣಿಯ ಅಚ್ಚನ್ನು ಇಳಿಸಿದ. ಎರಡನ್ನೂ ನೆಲದ ಮೇಲಿಟ್ಟು ಅಂಚಿಗೆ ಅಂಚು ಹಚ್ಚಿದ. ಕೂಡಿದವು. ಮತ್ತೆ ಬಿಡಿಸಿ ಮತ್ತೆ ಹಚ್ಚಿದ. ಸಂದಿನಲ್ಲಿ ಬೆಳಕು ಕೂಡ ಬರಲಿಲ್ಲ. ಅವನಿಗೆ ಹೋದ ಜೀವ ಬಂದಂತಾಯಿತು.

ಭಂಡಾರದ ಬಾಗಿಲಿನಿಂದ ಕಣ್ಣೆತ್ತಿದರೆ ಹಡಗು ಕಾಣುತ್ತಿತ್ತು. ಅವನು ಅಲ್ಲಿಗೆ ಹೋಗಲಿಲ್ಲ. ಹೋಗಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಹಡಗು ಹೇಗಿದೆಯೆಂದು ತಿಳಿಯಲು ಅವನಿಗೆ ಭಂಡಾರಕ್ಕಿಂತ ನಂಬಿಕೆಯ ಜಾಗ ಬೇರೆ ಇರಲಿಲ್ಲ.

“ನೋಡಿದೆ ಬೊಮ್ಮು,” ಎಂದ ಭಂಡಾರಿ. “ಎರಡೂ ಸಮ ಕೂಡ್ತವೆ. ಹೊಸ ಹಡಗಲ್ಲವಾ, ಕೈಗೆ ಪಳಗೂಕೆ ನಾಲ್ಕು ದಿನ ಬೇಕು. ಧೈರ್ಯದಿಂದ ಹೋಗು.”

“ನೀ ನೋಡಿದ್ಯಲ್ಲ, ಸಾಕು,” ಎಂದ ಬೊಮ್ಮು. ಮತ್ತೆ ಆ ಮಾತು ಎತ್ತಲಿಲ್ಲ.

ಹಡಗಿಗೆ ಹಂಚು ತುಂಬಿದರು, ಅಕ್ಕಿ ತುಂಬಿದರು. ಹೊರಡುವ ಬೆಳಿಗ್ಗೆ ಊರೆಲ್ಲ ದಡದಲ್ಲಿ ನಿಂತಿತ್ತು. ಭಂಡಾರಿಯೂ ನಿಂತಿದ್ದ. ಹಡಗು ನದಿ ದಾಟಿ, ಅದು ಸಮುದ್ರ ಸೇರುವ ಅಳಿವೆಗೆ ಬಂತು. ಅಳಿವೆಯ ಬಾಯಲ್ಲಿ ಬಂಡೆಗಳಿವೆ. ಅಲ್ಲಿ ಎಲ್ಲ ಹಡಗುಗಳೂ ತಿರುಗಲೇಬೇಕು. ಆ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿತು. ದೊಡ್ಡ ಗಾಳಿಯೇನೂ ಅಲ್ಲ. ವಾರಕ್ಕೊಮ್ಮೆ ಬೀಸುವಂಥದ್ದೇ. ಬೊಮ್ಮು ಚುಕ್ಕಾಣಿ ತಿರುಗಿಸಿದ್ದು ದಡಕ್ಕೆ ಕಾಣಿಸಿತು. ಹಡಗು ತಿರುಗಲಿಲ್ಲ. ಅವನು ಇಡೀ ಮೈಯನ್ನು ಅದರ ಮೇಲೆ ಹಾಕಿ ಒತ್ತಿದ. ಹಡಗು ನಿಧಾನವಾಗಿ ಮೂತಿ ಹೊರಳಿಸತೊಡಗಿತು. ಅಷ್ಟರಲ್ಲಿ ಬಂಡೆ ಬಂತು.

ಖಲಾಸಿಗಳು ನೀರಿಗೆ ಹಾರಿದರು. ಕೆಲವರು ಈಜಿ ಬಂದರು. ಬೊಮ್ಮು ಹಾರಲಿಲ್ಲ. ಕೊನೆಯವರೆಗೂ ಚುಕ್ಕಾಣಿ ಒತ್ತುತ್ತಲೇ ಇದ್ದ. ಅದು ತಿರುಗುತ್ತದೆಂದು ಅವನಿಗೆ ಅಣ್ಣ ಹೇಳಿದ್ದನಲ್ಲ.

ಹೆಣ ಸಿಗಲಿಲ್ಲ. ಭಂಡಾರಿ ಮರಳಿನ ಮೇಲೆ ಬಿದ್ದು ಹೊರಳಿ ಅತ್ತ. ಜನ ಹಿಡಿದು ಮನೆಗೆ ಒಯ್ದರು. ಉಣ್ಣಲಿಲ್ಲ, ಮಲಗಲಿಲ್ಲ. ಕೆಲವು ದಿನಗಳ ಮೇಲೆ ಹಡಗಿನ ಹಿಂಭಾಗ ತೇಲಿಬಂದು ದಡಕ್ಕೆ ಬಿತ್ತು. ಯಾರೋ ಬಂದು ಹೇಳಿದರು. ಭಂಡಾರಿ ಎದ್ದ. ಭಂಡಾರಕ್ಕೆ ಹೋಗಿ ಹಿಂಭಾಗದ ಅಚ್ಚನ್ನು ಇಳಿಸಿದ. ಮೊದಲ ಸಲ ಒಂದು ಅಚ್ಚನ್ನು ಹೆಗಲ ಮೇಲೆ ಹೊತ್ತು ದಡಕ್ಕೆ ಬಂದ.

ಒಡೆದ ಒಡಲಿನ ಮೇಲೆ ಅಚ್ಚನ್ನು ಇಟ್ಟ. ಅದು ಕೂಡಲಿಲ್ಲ. ಮಧ್ಯೆ ಕೈ ತೂರುವಷ್ಟು ಸಂದಿತ್ತು.

ಅವನು ಭಂಡಾರಕ್ಕೆ ಹೋಗಿ ಒಡಲಿನ ಇನ್ನಷ್ಟು ಅಚ್ಚು ತಂದ. ದಡದಲ್ಲಿ ನಿಂತಿದ್ದ ಇನ್ನೊಂದು ಹಡಗಿನ ಮೇಲೆ ಇಟ್ಟ. ಕೂಡಲಿಲ್ಲ. ಮತ್ತೊಂದರ ಮೇಲೆ ಇಟ್ಟ. ಹುಚ್ಚು ಹಿಡಿದವನ ಹಾಗೆ ಹೊತ್ತುಕೊಂಡು ಓಡಾಡಿದ. ಯಾರೂ ತಡೆಯಲಿಲ್ಲ. ಆ ಭಂಡಾರದಲ್ಲಿ ಅವನು ಎಣ್ಣೆ ಸವರಿ ಸಾಕಿದ ಒಡಲಿನ ಅಚ್ಚುಗಳಲ್ಲಿ ಒಂದಾದರೂ, ಆ ನದಿಯಲ್ಲಿ ಈಚೆಗೆ ಕಟ್ಟಿದ ಹಡಗುಗಳಲ್ಲಿ ಒಂದಕ್ಕಾದರೂ ಹೊಂದಲಿಲ್ಲ.

ಒಡಲಿನ ಮೇಸ್ತ್ರಿ ದೂರದಲ್ಲಿ ಕೂತು ನೋಡುತ್ತಿದ್ದ. ಭಂಡಾರಿ ಅವನ ಮುಂದೆ ಹೋಗಿ ಕುಸಿದು ಕೂತ.

“ನೀವು ನನಗೆ ಒಂದು ಮಾತು ಹೇಳಬಾರದಿತ್ತಾ ಮೇಸ್ತ್ರಿಗಳೇ?”

“ಹೇಳೂಕೆ ಬಂದಿದ್ದೆ,” ಎಂದ ಮೇಸ್ತ್ರಿ. “ನೀವು ಯಾವ್ಯಾವ ಅಚ್ಚು ಬದಲಾಗ್ಬೇಕು ಅಂತ ಲೆಕ್ಕ ಹಾಕಿದ್ರಿ. ಹಡಗು ಹೆಂಗಿದೆ ಅಂತ ಬಂದು ನೋಡ್ಲಿಲ್ಲ. ಆಮೇಲೆ ನಂಗೂ ಸಾಕಾಯ್ತು. ಮುಟ್ಟದೆ ಹಾಗೇ ಕಳ್ಸಿದ್ರೆ ನಿಮ್ಗೂ ಸಮಾಧಾನ, ನಂಗೂ ಸಮಾಧಾನ. ಆ ದಡದ ಹೊಸಬ್ನಿಗಾದ್ರೂ ನಾನು ಹೋಗಿ ಹೇಳ್ಬೇಕಿತ್ತು.” ಅವನು ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅತ್ತ. ಆ ಅಳುವಿನಿಂದ ಭಂಡಾರಿಗೆ ಸಮಾಧಾನವೇನೂ ಆಗಲಿಲ್ಲ. ಬೈಯಲು ಒಬ್ಬ ಸಿಕ್ಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೇನೋ.

ವರ್ತಕ ಎಲ್ಲರನ್ನೂ ಕರೆಸಿ ವಿಚಾರಿಸಿದ. ಮೇಸ್ತ್ರಿಗಳು ಅಚ್ಚು ಬಿಟ್ಟು ಕೆಲಸ ಮಾಡಿದ್ದು ಗೊತ್ತಾಗಿ ಕೆಂಡಾಮಂಡಲವಾದ. ಒಡಲಿನ ಮೇಸ್ತ್ರಿಯನ್ನು ಓಡಿಸಿದ. ಬಿಗಿ ಸಾಲದ್ದರಿಂದಲೇ ಹೀಗಾಯಿತು ಎಂದು ತೀರ್ಮಾನಿಸಿದ. ಹಳೆಯ ಭಂಡಾರದ ಪಕ್ಕದಲ್ಲಿ ಕಲ್ಲಿನದೊಂದು ಹೊಸ ಭಂಡಾರ ಕಟ್ಟಿಸಿದ. ಅದಕ್ಕೆ ದಪ್ಪ ಬಾಗಿಲು ಹಾಕಿಸಿದ. ಬೀಗದ ಕೈಯನ್ನು ಭಂಡಾರಿಯ ಕೈಗೇ ಕೊಟ್ಟು, ನಿನ್ನಷ್ಟು ನಿಯತ್ತಿನವನು ನನಗೆ ಬೇರೆ ಯಾರು ಸಿಗುತ್ತಾರೆ ಎಂದ.

ಭಂಡಾರಿ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೂ ಒಳಗೆ ಏನಾದರೂ ಉಳಿದಿರಬೇಕು. ಅವನು ದಿನವೂ ಬಾಗಿಲು ತೆರೆದ. ಒಂದು ಹಡಗಿಗೂ ಹೊಂದದ ಹಲಗೆಗಳಿಗೆ ಎಣ್ಣೆ ಸವರಿದ. ಗುರುತಿನ ಬಣ್ಣ ಮಾಸಿದರೆ ಮತ್ತೆ ಬಳಿದ. ಒಂದು ಸಲ ವರ್ತಕನ ಎದುರು ಬಾಯಿ ತೆರೆದು, ಇವನ್ನು ದಡಕ್ಕೆ ಒಯ್ಯಲು ಬಿಡಿ ಧಣಿ ಎಂದಿದ್ದ. ವರ್ತಕ, ನಿನ್ನ ಮನಸ್ಸು ಸರಿಯಿಲ್ಲ, ಸ್ವಲ್ಪ ವಿಶ್ರಾಂತಿ ತಗೋ ಎಂದು ಬೆನ್ನು ತಟ್ಟಿ ಕಳಿಸಿದ. ಹೊಸ ಮೇಸ್ತ್ರಿಗಳು ಬಂದರು. ಅವರು ಅಚ್ಚು ಒಯ್ದರು, ಹಾಗೆಯೇ ವಾಪಸು ಕಳಿಸಿದರು. ಕೆಲವು ಹಡಗುಗಳು ಮರಳಿದವು. ಕೆಲವು ಮರಳಲಿಲ್ಲ. ಪ್ರತಿ ಹಡಗು ಅಳಿವೆ ದಾಟುವಾಗಲೂ ಭಂಡಾರಿ ದಡದಲ್ಲಿ ನಿಂತಿರುತ್ತಿದ್ದ. ಯಾವುದು ತಿರುಗುತ್ತದೆ, ಯಾವುದು ತಿರುಗುವುದಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

 ಮಹಾಬಲ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವನಂತೆ ಅಂದ: “ನನ್ನ ನಕ್ಷೆಗಳಿಂದ ಅಷ್ಟೊಂದು ಅನಾಹುತವೇನೂ ಆಗಲಾರದು ಗುರುಗಳೇ. ಹಳಬರು ಯಾರೂ ಅವನ್ನು ಮುಟ್ಟುವುದಿಲ್ಲ. ಹೊಸದಾಗಿ ಸೇರಿದವರು ಯಾರೋ ಒಬ್ಬಿಬ್ಬರು ತೆರೆದು ನೋಡಿ, ಅದರಂತೆ ಮಾಡುತ್ತಾರೆ, ಅಷ್ಟೆ.”

“ಭಂಡಾರಿಗೆ ಮುಳುಗಿದವನ ಹೆಸರಾದರೂ ಗೊತ್ತಿತ್ತು, ಮಹಾಬಲ,” ಎಂದರು ಗುರುಗಳು.

ಮಹಾಬಲ ಆ ಒಬ್ಬಿಬ್ಬರ ಹೆಸರು ನೆನಪಿಸಿಕೊಳ್ಳಲು ನೋಡಿದ; ಒಂದೂ ಬರಲಿಲ್ಲ.